ತರಗೆಲೆಯ ಕಾಗದ, ಗುಪ್ಪೆಯ ಬಿಸಿನೀರು

ತೋಟದಲ್ಲಿ ಕಸವೆನಿಸಿಕೊಳ್ಳುವ ಯಾವುದನ್ನೇ ಎತ್ತಿಕೊಂಡರೂ ಅದರಲ್ಲಿರುವುದು ಬಹುಪಾಲು ಮೂರೇ ವಸ್ತು: ಸೆಲ್ಯುಲೋಸ್ ಎಂಬ ನಾರು, ಆ ನಾರನ್ನು ಬಿಗಿದು ಗಟ್ಟಿ ಮಾಡುವ ಲಿಗ್ನಿನ್ ಎಂಬ ಅಂಟು, ಮತ್ತು ನೀರು. ಆಗಷ್ಟೇ ಕೊಯ್ದ ಹುಲ್ಲಿನಲ್ಲಿ ನೀರೇ ಮುಕ್ಕಾಲು ಪಾಲು. ಸವರಿದ ರೆಂಬೆಯಲ್ಲಿ ಲಿಗ್ನಿನ್ ಹೆಚ್ಚು. ಬಾಳೆಯ ದಿಂಡಿನಲ್ಲಿ ಉದ್ದನೆಯ ನಾರು ಸಿಗುತ್ತದೆ, ತರಗೆಲೆಯಲ್ಲಿ ನಾರು ಕಡಿಮೆ ಮತ್ತು ಗಿಡ್ಡ. ಎಲ್ಲವನ್ನೂ ಒಂದೇ ರಾಶಿ ಮಾಡಿ ಬೆಂಕಿ ಕೊಟ್ಟರೆ ಈ ವ್ಯತ್ಯಾಸಗಳೆಲ್ಲ ಒಂದೇ ಹೊಗೆಯಾಗಿ ಹೋಗುತ್ತವೆ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ದೇಶಗಳಲ್ಲಿ ಕೆಲವರು ಈ ವ್ಯತ್ಯಾಸಗಳನ್ನೇ ಹಿಡಿದುಕೊಂಡು, ಮೊದಲ ನೋಟಕ್ಕೆ ಹುಚ್ಚಾಟವೆನಿಸುವ ಉಪಾಯಗಳನ್ನು ಕಟ್ಟಿದರು. ಕಸದ ರೂಪವನ್ನು ಹಾಗೆಯೇ ಉಳಿಸಿಕೊಂಡು ಬಳಸುವುದು, ಅದರ ನಾರನ್ನು ಮಾತ್ರ ತೆಗೆಯುವುದು, ಸೂಕ್ಷ್ಮಜೀವಿಗಳ ಬಾಯಿಗೆ ಕೊಡುವುದು, ಕಡೆಗೆ ಬೆಂಕಿಗೆ ಒಪ್ಪಿಸುವುದು ಎಂದು ಈ ಉಪಾಯಗಳು ನಾಲ್ಕು ದಾರಿ ಹಿಡಿಯುತ್ತವೆ. ಈ ಕ್ರಮಕ್ಕೂ ಅರ್ಥವಿದೆ. ನಾರು ತೆಗೆದ ಮೇಲೂ ಉಳಿದದ್ದನ್ನು ಕೊಳೆಸಬಹುದು. ಸುಟ್ಟುಹೋದದ್ದರಿಂದ ನಾರು ತೆಗೆಯಲಾಗದು.

ರೂಪವನ್ನು ಉಳಿಸಿಕೊಂಡು ಬಳಸುವುದಕ್ಕೆ ಅಡಿಕೆ ಹಾಳೆಗಿಂತ ಒಳ್ಳೆಯ ಉದಾಹರಣೆ ಹುಡುಕುವುದು ಕಷ್ಟ. ಅಡಿಕೆ ಸೋಗೆಯ ಬುಡ ಅಗಲವಾಗಿ ಹರಡಿ ಮರದ ತುದಿಯನ್ನು ಸುತ್ತಿಕೊಂಡಿರುತ್ತದೆ, ಅದೇ ಹಾಳೆ. ಒಂದು ಮರದಿಂದ ವರ್ಷಕ್ಕೆ ಐದಾರು ಸೋಗೆ ಕಳಚಿ ಬೀಳುತ್ತವೆ, ಪ್ರತಿಯೊಂದರ ಜೊತೆಗೂ ಒಂದು ಹಾಳೆ ಬರುತ್ತದೆ. ಒಣಗಿದಾಗ ಅದು ಬಿರುಸು, ನೀರಿನಲ್ಲಿ ನೆನೆದಾಗ ಮೆದು. ನೆನೆದಾಗ ಬಾಗಿಸಿ ಒಣಗಲು ಬಿಟ್ಟರೆ ಕೊಟ್ಟ ಬಾಗನ್ನು ಬಿಡದೆ ಹಿಡಿದುಕೊಳ್ಳುತ್ತದೆ. ಕರಾವಳಿ ಮತ್ತು ಮಲೆನಾಡಿನವರು ಈ ಒಂದೇ ಗುಣದಿಂದ ಏನೆಲ್ಲ ಮಾಡಿಕೊಂಡರು! ತುಳುನಾಡಿನ ಬೇಸಾಯಗಾರರು ತಲೆಗಿಟ್ಟುಕೊಳ್ಳುವ ಮುಟ್ಟಾಳೆ, ಬೇಸಿಗೆಯ ಬೀಸಣಿಗೆ, ಎಳೆಗೂಸನ್ನು ಮಲಗಿಸಿ ಮೀಯಿಸುವ ಹಾಳೆ, ಒಬ್ಬರು ಕೂತು ಇನ್ನೊಬ್ಬರು ಎಳೆಯುವ ಮಕ್ಕಳ ಬಂಡಿ, ಎಲ್ಲವೂ ಅದೇ.

ಇವುಗಳಲ್ಲಿ ಅತ್ಯಂತ ಜಾಣತನದ್ದು ಕೊಟ್ಟೆ. ಮುಂಗಾರಿನ ಮೊದಲು ಮರ ಹತ್ತಿ, ಎಳೆಯ ಅಡಿಕೆ ಗೊನೆಗಳಿಗೆ ಹಾಳೆಯ ಹೊದಿಕೆ ಕಟ್ಟುವ ರೂಢಿ ಇತ್ತು. ಮರವೇ ಕಳಚಿ ಎಸೆದ ವಸ್ತು ಅದೇ ಮರದ ಫಸಲಿಗೆ ಮಳೆಗೊಪ್ಪೆಯಾಗುತ್ತಿತ್ತು. ಹೀಗೆ ಮುಚ್ಚಿದರೆ ಗೊನೆ ಕೊಳೆಯದು ಎನ್ನುವುದು ಬರಿಯ ನಂಬಿಕೆಯಲ್ಲ. ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡುತ್ತಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಳೆಗಾಲದಲ್ಲಿ ಅಡಿಕೆ ಗೊನೆಗೆ ತಗಲುವ ಕೊಳೆರೋಗಕ್ಕೆ ಕಾರಣ ಫೈಟಾಫ್ತೊರ ಎಂಬ ಸೂಕ್ಷ್ಮಜೀವಿ ಎಂದು ವಿವರಿಸಿದರು. ಅದು ಹರಡುವುದಕ್ಕೆ ತೇವ ಬೇಕು, ಗೊನೆ ಒದ್ದೆಯಾಗದಿದ್ದರೆ ಅದಕ್ಕೆ ದಾರಿಯಿಲ್ಲ. ಕೋಲ್ಮನ್ ಬಳಕೆಗೆ ತಂದ ಬೋರ್ಡೊ ದ್ರಾವಣದ ಸಿಂಪರಣೆ ಹರಡಿದ ಹಾಗೆ ಕೊಟ್ಟೆ ಕಟ್ಟುವ ಕೆಲಸ ಕಡಿಮೆಯಾಯಿತು. ಆದರೆ ರೋಗಾಣುವಿನ ಹೆಸರು ತಿಳಿಯುವ ಮೊದಲೇ ಅದರ ದಾರಿಯನ್ನು ಮುಚ್ಚಿದ್ದ ರೈತರ ಬುದ್ಧಿಗೆ ಗೌರವ ಸಲ್ಲಬೇಕು.

ಈಗ ಹಾಳೆಯ ಹೆಸರು ಹೇಳಿದರೆ ಎಲ್ಲರಿಗೂ ನೆನಪಾಗುವುದು ಊಟದ ತಟ್ಟೆ. ಹಾಳೆಯನ್ನು ತೊಳೆದು, ನೀರಿನಲ್ಲಿ ನೆನೆಸಿ, ಬಿಸಿ ಅಚ್ಚಿನ ನಡುವೆ ಒತ್ತಿದರೆ ಒಂದೆರಡು ನಿಮಿಷದೊಳಗೆ ತಟ್ಟೆ ಸಿದ್ಧ. ಅಂಟು ಬೇಡ, ಮೇಲಿನ ಲೇಪ ಬೇಡ, ಅಂಚು ಕತ್ತರಿಸಿದರಾಯಿತು. ಈ ತಟ್ಟೆ ಪ್ಲಾಸ್ಟಿಕ್ಕಿಗೆ ಬದಲಿಯಾಗಿ ಹೊರದೇಶಗಳಿಗೂ ಹೋಯಿತು. ಆದರೆ 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡಿಕೆಯ ಆಲ್ಕಲಾಯ್ಡ್ ಅಂಶಗಳು ತಟ್ಟೆಯಿಂದ ಆಹಾರಕ್ಕೆ ಇಳಿಯಬಹುದೆಂದು ಹೇಳಿ ಅಲ್ಲಿ ಇದರ ಬಳಕೆಗೆ ತಡೆ ಹಾಕಿತು. ತಟ್ಟೆ ತಯಾರಿಸುವ ಸಣ್ಣ ಘಟಕಗಳಿಗೆ ಇದು ದೊಡ್ಡ ಪೆಟ್ಟು. ಉಪಾಯ ಎಷ್ಟೇ ಸಹಜವಾಗಿದ್ದರೂ ಆಹಾರ ಮುಟ್ಟುವ ವಸ್ತುವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ನೋಡುವ ಕೆಲಸ ತಪ್ಪುವುದಿಲ್ಲ, ಮತ್ತು ಆ ಪರೀಕ್ಷೆಯನ್ನು ಅಡಿಕೆ ಬೆಳೆಯುವ ನಾಡಿನಲ್ಲೇ ಮಾಡುವುದು ಬೆಳೆಗಾರರಿಗೂ ಉಣ್ಣುವವರಿಗೂ ಒಳ್ಳೆಯದು.

ರೂಪ ಉಳಿಸಿಕೊಳ್ಳುವ ಬಗೆಯಲ್ಲಿ ಆಟಿಕೆಗಳದ್ದೇ ಒಂದು ಲೋಕ. ಉತ್ತರ ಕರ್ನಾಟಕದ ಮಕ್ಕಳು ಜೋಳದ ದಂಟಿನ ಸಿಪ್ಪೆಯನ್ನು ಸೀಳಿ ಕಡ್ಡಿ ಮಾಡಿಕೊಂಡು, ಒಳಗಿನ ಬೆಂಡಿಗೆ ಚುಚ್ಚಿ ಎತ್ತಿನ ಬಂಡಿ ಕಟ್ಟುತ್ತಾರೆ. ಒಂದೇ ದಂಟು ಮರವೂ ಆಗುತ್ತದೆ, ಮೊಳೆಯೂ ಆಗುತ್ತದೆ. ಪಪ್ಪಾಯಿ ಎಲೆಯ ತೊಟ್ಟು ಒಳಗೆ ಟೊಳ್ಳು, ಹಾಗಾಗಿ ಅದು ಪೀಪಿ. ಇದೇ ತತ್ವವನ್ನು ದೊಡ್ಡವರು ಕಛೇರಿಯ ವೇದಿಕೆಗೆ ಏರಿಸಿದ್ದು ಆಸ್ಟ್ರಿಯಾದ ವಿಯೆನ್ನಾದಲ್ಲಿ. 1998ರಲ್ಲಿ ಆರಂಭವಾದ ಅಲ್ಲಿನ ತರಕಾರಿ ವಾದ್ಯವೃಂದ ಗಜ್ಜರಿಯನ್ನು ಕೊರೆದು ಕೊಳಲು ಮಾಡುತ್ತದೆ, ಕುಂಬಳವನ್ನು ತಾಳವಾದ್ಯ ಮಾಡುತ್ತದೆ. ತರಕಾರಿ ಬಾಡಿದರೆ ಸ್ವರ ಕೆಡುವುದರಿಂದ ಪ್ರತಿ ಕಛೇರಿಗೂ ಹೊಸ ವಾದ್ಯ ಬೇಕು. ಕೊರೆದು ಮಿಕ್ಕಿದ್ದು ಸೂಪಾಗಿ ಶ್ರೋತೃಗಳ ಬಟ್ಟಲು ಸೇರುತ್ತದೆ. ರೂಪವನ್ನು ಉಳಿಸಿಕೊಳ್ಳುವ ಉಪಾಯ ವ್ಯಾಪಾರವೂ ಆದದ್ದುಂಟು: ಅಮೆರಿಕದ ಮಿಸ್ಸೌರಿಯಲ್ಲಿ ಹೆನ್ರಿ ಟಿಬ್ಬೆ ಎಂಬ ಮರಗೆಲಸಗಾರ ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡಿನಿಂದ ಹೊಗೆಕೊಳವೆ ಮಾಡಿ ಮಾರತೊಡಗಿದ್ದು 1869ರಲ್ಲಿ. ದಿಂಡಿನ ಮೇಲಿನ ಕುಳಿಗಳಿಗೆ ಪ್ಲಾಸ್ಟರ್ ಮೆತ್ತಿ ನಯಗೊಳಿಸುವ ವಿಧಾನಕ್ಕೆ 1878ರಲ್ಲಿ ಪೇಟೆಂಟ್ ಕೂಡ ಪಡೆದ.

ಎರಡನೆಯ ದಾರಿ ನಾರಿನದು. ಬಾಳೆಗಿಡ ಒಂದೇ ಸಲ ಗೊನೆ ಬಿಡುತ್ತದೆ, ಗೊನೆ ಕೊಯ್ದ ಮೇಲೆ ಆ ದಿಂಡಿನಿಂದ ತೋಟಕ್ಕೆ ಉಪಯೋಗವಿಲ್ಲ. ಹೂ ಕಟ್ಟುವುದಕ್ಕೆ ಅದರ ಪಟ್ಟೆಯಿಂದ ನಾರು ಸೀಳುವುದು ಕನ್ನಡನಾಡಿನ ಮನೆಮನೆಯ ಪದ್ಧತಿ. ಆನೆಗುಂದಿಯಲ್ಲಿ ಮಹಿಳೆಯರು ಅದೇ ನಾರನ್ನು ಹೊಸೆದು ಚೀಲ, ಬುಟ್ಟಿ, ಚಾಪೆ ಹೆಣೆಯುತ್ತಾರೆ. ಜಪಾನಿನ ಓಕಿನಾವಾ ದ್ವೀಪದ ಕಿಜೋಕಾ ಊರಿನಲ್ಲಿ ನಾರಿಗೆಂದೇ ಬೆಳೆಸುವ ಬಾಳೆಯಿಂದ ಬೇಸಿಗೆಗೆ ತಂಪಾದ ಬಟ್ಟೆ ನೇಯುತ್ತಾರೆ. ಜಪಾನ್ ಸರ್ಕಾರ 1974ರಲ್ಲಿ ಈ ಕಲೆಯನ್ನು ರಾಷ್ಟ್ರೀಯ ಪರಂಪರೆಯೆಂದು ಗುರುತಿಸಿದೆ.

ನಾರಿನ ಕಥೆಯಲ್ಲಿ ಎಲ್ಲರಿಗಿಂತ ದೊಡ್ಡ ಸಾಹಸಿ ಎಂದರೆ ಜರ್ಮನಿಯ ರೇಗನ್ಸ್‌ಬುರ್ಗ್ ನಗರದ ಪಾದ್ರಿ ಯಾಕೋಬ್ ಕ್ರಿಸ್ಟಿಯನ್ ಷೇಫರ್. 18ನೆಯ ಶತಮಾನದ ಯೂರೋಪಿನಲ್ಲಿ ಕಾಗದ ತಯಾರಾಗುತ್ತಿದ್ದುದು ಹಳೆಯ ಲಿನನ್ ಬಟ್ಟೆಯ ಚಿಂದಿಯಿಂದ. ಪುಸ್ತಕ ಮತ್ತು ಪತ್ರಿಕೆಗಳು ಹೆಚ್ಚಿದ ಹಾಗೆ ಚಿಂದಿಗೆ ಬರ ಬಂತು. ಕಣಜ ಮರವನ್ನು ಅಗಿದು ಕಾಗದದ ಗೂಡು ಕಟ್ಟುತ್ತದಲ್ಲ, ಹಾಗಾದರೆ ಮನುಷ್ಯರೂ ಮರದಿಂದ ಕಾಗದ ಮಾಡಬಹುದಲ್ಲವೇ ಎಂದು ಫ್ರಾನ್ಸಿನ ವಿಜ್ಞಾನಿ ರೆಯೊಮ್ಯೂರ್ 1719ರಲ್ಲೇ ವಿದ್ವಾಂಸರ ಮುಂದಿಟ್ಟಿದ್ದರು. ತಾವಾಗಿ ಮಾಡಿ ನೋಡಲಿಲ್ಲ. ಕೀಟ ಮತ್ತು ಅಣಬೆಗಳ ಅಧ್ಯಯನದಲ್ಲಿ ಮುಳುಗಿದ್ದ ಷೇಫರ್ ಮಾಡಿಯೇ ನೋಡಿದರು. ಕಣಜದ ಗೂಡು, ಪಾಚಿ, ಮರದ ಹೊಟ್ಟು, ದ್ರಾಕ್ಷಿಯ ಬಳ್ಳಿ, ಹಾಪ್ಸ್ ಬಳ್ಳಿ, ಹುಲ್ಲು, ಎಲೆಕೋಸಿನ ದಂಟು, ತುರಿಕೆ ಗಿಡ, ಮುಳ್ಳುಗಿಡ, ಪೈನ್ ಮರದ ಕಾಯಿ, ಆಲೂಗಡ್ಡೆ, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಕುಟ್ಟಿ, ಕೆಲವಕ್ಕೆ ಸ್ವಲ್ಪವೇ ಚಿಂದಿ ಬೆರೆಸಿ ಕಾಗದ ಎತ್ತಿದರು. 1765ರಿಂದ 1771ರವರೆಗೆ ಆರು ಸಂಪುಟಗಳಲ್ಲಿ ಈ ಪ್ರಯೋಗಗಳ ವಿವರ ಹೊರಬಂತು. ಆ ಸಂಪುಟಗಳ ಬೆಲೆ ಇರುವುದು ವಿವರದಲ್ಲಷ್ಟೇ ಅಲ್ಲ: ಪ್ರತಿ ಸಸ್ಯದಿಂದ ತಯಾರಾದ ನಿಜವಾದ ಕಾಗದದ ತುಂಡುಗಳನ್ನೇ ಪುಸ್ತಕದೊಳಗೆ ಸೇರಿಸಿ ಹೊಲಿಯಲಾಗಿದೆ. ಓದುಗರು ಮಾತನ್ನು ನಂಬಬೇಕಿಲ್ಲ, ಮುಟ್ಟಿ ನೋಡಬಹುದು. ವಿಜ್ಞಾನದ ಬರವಣಿಗೆಯಲ್ಲಿ ಇಷ್ಟು ಪ್ರಾಮಾಣಿಕವಾದ ಪುರಾವೆ ಅಪರೂಪ. ಸ್ವಲ್ಪ ಕಾಲದ ನಂತರ, 1780ರ ದಶಕದಲ್ಲಿ, ಫ್ರಾನ್ಸಿನ ಮೊಂತಾರ್ಜಿ ಬಳಿಯ ಕಾಗದದ ಕಾರ್ಖಾನೆ ನಡೆಸುತ್ತಿದ್ದ ಲೆಯೊರಿಯೆ ದೆಲಿಲ್ ಸಸ್ಯಗಳ ಕಾಗದದ ಮೇಲೆ ಇಡೀ ಪುಸ್ತಕವನ್ನೇ ಅಚ್ಚು ಹಾಕಿಸಿದರು.

ಆದರೂ ಈ ಕಾಗದಗಳು ಅಂಗಡಿಗೆ ಬರಲಿಲ್ಲ. ಕಾರಣ ಲಿಗ್ನಿನ್. ಕುಟ್ಟುವುದರಿಂದ ನಾರು ಬಿಡಿಯಾಗುತ್ತದೆಯೇ ಹೊರತು ಅಂಟು ಹೋಗುವುದಿಲ್ಲ. ಕಾಗದ ಒರಟಾಗಿ ಉಳಿದು ಬೇಗ ಹಳದಿಗಟ್ಟುತ್ತದೆ. 1840ರ ದಶಕದಲ್ಲಿ ಸ್ಯಾಕ್ಸನಿಯ ಫ್ರೀಡ್ರಿಕ್ ಕೆಲ್ಲರ್ ಮರವನ್ನು ತಿರುಗುವ ಕಲ್ಲಿಗೆ ಒತ್ತಿ ತೇಯುವ ವಿಧಾನ ಕಂಡುಹಿಡಿದರು, ಆಮೇಲೆ ಕ್ಷಾರದಲ್ಲಿ ಬೇಯಿಸಿ ಲಿಗ್ನಿನ್ ಕರಗಿಸುವ ರಾಸಾಯನಿಕ ವಿಧಾನಗಳು ಬಂದವು. ಮರದ ಕಾಗದ ಗೆದ್ದಿತು. ಬಳ್ಳಿ ಮತ್ತು ದಂಟುಗಳ ಕಾಗದ ಕೈಕಸುಬಾಗಿ ಉಳಿಯಿತು. ಷೇಫರ್ ಕನಸು ಪೂರ್ತಿ ಸತ್ತಿಲ್ಲ ಎನ್ನುವುದಕ್ಕೆ ಯುಕ್ರೇನಿನಲ್ಲಿ ಹುಟ್ಟಿದ ರಿಲೀಫ್ ಪೇಪರ್ ಎಂಬ ಕಂಪನಿ ಸಾಕ್ಷಿ. ಊರಿನ ರಸ್ತೆಗಳಲ್ಲಿ ಗುಡಿಸಿದ ತರಗೆಲೆಯ ನಾರಿಗೆ ಬೇರೆ ನಾರು ಬೆರೆಸಿ ಅದು ಚೀಲ ಮತ್ತು ಪೊಟ್ಟಣದ ಕಾಗದ ತಯಾರಿಸುತ್ತಿದೆ.

ಮನೆಯಲ್ಲೂ ಇದನ್ನು ಮಾಡಬಹುದು. ಬಾಳೆಯ ಪಟ್ಟೆ, ಅನಾನಸ್ ಎಲೆ, ಮೆಕ್ಕೆಜೋಳದ ಸಿಪ್ಪೆಯಂಥ ನಾರುಳ್ಳ ವಸ್ತುವನ್ನು ಚಿಕ್ಕದಾಗಿ ಕತ್ತರಿಸಿ, ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಬೆರಳಿನಿಂದ ಎಳೆದರೆ ಬಿಡಿಯಾಗುವ ತನಕ ಕೆಲವು ಗಂಟೆ ಬೇಯಿಸಬೇಕು. ಅಲ್ಯೂಮಿನಿಯಂ ಪಾತ್ರೆ ಬೇಡ, ಸೋಡಾ ಅದನ್ನು ತಿನ್ನುತ್ತದೆ. ಬೆಂದದ್ದನ್ನು ಚೆನ್ನಾಗಿ ತೊಳೆದು, ಒರಳಿನಲ್ಲಿ ಕುಟ್ಟಿ, ತೊಟ್ಟಿಯ ನೀರಿನಲ್ಲಿ ಕದಡಿ, ಜಾಲರಿ ಬಿಗಿದ ಚೌಕಟ್ಟಿನಿಂದ ಎತ್ತಿ, ಬಟ್ಟೆಯ ಮೇಲೆ ಮಗುಚಿ ಒತ್ತಿ ಒಣಗಿಸಿದರೆ ಕಾಗದ. ಬರಿಯ ತರಗೆಲೆಯಿಂದ ಹೊರಟರೆ ಹಾಳೆ ಹರಿದುಹೋಗುತ್ತದೆ. ಹಳೆಯ ಪತ್ರಿಕೆಯ ಮುದ್ದೆಯನ್ನೋ ಬಾಳೆಯ ನಾರನ್ನೋ ಬೆರೆಸುವುದು ಅದಕ್ಕೇ.

ಮೂರನೆಯ ದಾರಿಯಲ್ಲಿ ಕೆಲಸವೆಲ್ಲ ಕಣ್ಣಿಗೆ ಕಾಣದ ಜೀವಿಗಳದು. ಕಸವನ್ನು ಗೊಬ್ಬರವಾಗಿಸುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಗೊಬ್ಬರವಾಗುವ ದಾರಿಯಲ್ಲಿ ಹೊರಡುವ ಶಾಖವನ್ನು ಹೆಚ್ಚಿನವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಂಗಾಲ ಮತ್ತು ಸಾರಜನಕ ಸುಮಾರು 30ಕ್ಕೆ 1ರ ಪ್ರಮಾಣದಲ್ಲಿದ್ದು, ತೇವವೂ ಗಾಳಿಯೂ ಹದವಾಗಿದ್ದರೆ ಬ್ಯಾಕ್ಟೀರಿಯಾಗಳು ಕೆಲವೇ ದಿನಗಳಲ್ಲಿ ಗುಪ್ಪೆಯ ಒಳಭಾಗವನ್ನು 55ರಿಂದ 65 ಡಿಗ್ರಿ ಸೆಲ್ಸಿಯಸ್‌ಗೆ ಏರಿಸುತ್ತವೆ. ಸರಿಯಾಗಿ ಒಣಗದ ಹುಲ್ಲಿನ ಬಣವೆ ತಾನಾಗಿ ಹೊತ್ತಿಕೊಳ್ಳುವುದೂ ಈ ಬಿಸಿಯಿಂದ ಶುರುವಾಗಿಯೇ.

ಈ ಶಾಖವನ್ನು ಕೊಳವೆಯಲ್ಲಿ ಹಿಡಿದವರು ಫ್ರಾನ್ಸಿನ ಜ್ಯಾಂ ಪ್ಯಾಂ. 1928ರಲ್ಲಿ ಹುಟ್ಟಿದ ಇವರು ಪ್ರೊವಾನ್ಸ್ ಪ್ರಾಂತದ ವಿಲ್‌ಕ್ರೋಜ್ ಬಳಿ 241 ಹೆಕ್ಟೇರ್ ಕಾಡು ನೋಡಿಕೊಳ್ಳುತ್ತಿದ್ದರು. ಒಣ ಹವೆಯ ಆ ಪ್ರದೇಶಕ್ಕೆ ಕಾಡ್ಗಿಚ್ಚಿನ ಭಯ ಸದಾ ಇತ್ತು, ಹಾಗಾಗಿ ಕುರುಚಲನ್ನು ಸವರುತ್ತಲೇ ಇರಬೇಕಿತ್ತು. ಸವರಿದ್ದನ್ನು ಏನು ಮಾಡುವುದು? ಪ್ಯಾಂ ಮತ್ತು ಅವರ ಪತ್ನಿ ಇದಾ ಅದನ್ನು ಯಂತ್ರದಲ್ಲಿ ಚೂರು ಮಾಡಿ, ನೀರಿನಲ್ಲಿ ನೆನೆಸಿ, ಮೂರು ಮೀಟರ್ ಎತ್ತರ, ಆರು ಮೀಟರ್ ಅಗಲದ ಗುಪ್ಪೆ ಹಾಕಿದರು. ತೂಕ ಸುಮಾರು 50 ಟನ್. ಗುಪ್ಪೆಯ ಒಳಗೆ ಸುರುಳಿ ಸುತ್ತಿದ ಉದ್ದನೆಯ ಕೊಳವೆ. ಅದರ ಮೂಲಕ ಹಾಯುವ ನೀರು 10 ಡಿಗ್ರಿಯಿಂದ 60 ಡಿಗ್ರಿಗೆ ಬಿಸಿಯಾಗಿ ನಿಮಿಷಕ್ಕೆ ನಾಲ್ಕು ಲೀಟರಿನಂತೆ ಹೊರಬರುತ್ತಿತ್ತು. ಸ್ನಾನಕ್ಕೂ ಮನೆ ಬೆಚ್ಚಗಿಡುವುದಕ್ಕೂ ಅದೇ ನೀರು. ಗುಪ್ಪೆಯ ನಟ್ಟನಡುವೆ ಗಾಳಿಯಾಡದಂತೆ ಮುಚ್ಚಿದ ನಾಲ್ಕು ಘನ ಮೀಟರಿನ ಉಕ್ಕಿನ ತೊಟ್ಟಿ. ಸುತ್ತಲಿನ ಬಿಸಿಯಲ್ಲಿ ಅದರೊಳಗಿನ ಚೂರುಗಳು ಮೀಥೇನ್ ಬಿಡುತ್ತಿದ್ದವು, ಆ ಅನಿಲವನ್ನು ತುಂಬಿಡುತ್ತಿದ್ದುದು ಲಾರಿಯ 24 ಟ್ಯೂಬುಗಳಲ್ಲಿ. ಅಡುಗೆಗೂ ವಾಹನ ಓಡಿಸುವುದಕ್ಕೂ ಅದು ಬಳಕೆಯಾಯಿತು.

ಗುಪ್ಪೆ 18 ತಿಂಗಳು ಬಿಸಿಯಾಗಿರುತ್ತದೆಂದು ಪ್ಯಾಂ ಬರೆದಿದ್ದಾರೆ. ಇಲ್ಲಿ ಒಂದು ಲೆಕ್ಕ ಅಗತ್ಯ. ನಿಮಿಷಕ್ಕೆ ನಾಲ್ಕು ಲೀಟರ್ ನೀರನ್ನು 50 ಡಿಗ್ರಿ ಏರಿಸಲು ಸುಮಾರು 14 ಕಿಲೋವಾಟ್ ಬೇಕು. 18 ತಿಂಗಳು ಬಿಡದೆ ನಡೆದರೆ 1.8 ಲಕ್ಷ ಯೂನಿಟ್ ದಾಟುತ್ತದೆ. 50 ಟನ್ನಿನಲ್ಲಿ ಅರ್ಧ ನೀರೆಂದರೂ ಉಳಿದ 25 ಟನ್ ಒಣ ಕಟ್ಟಿಗೆಯನ್ನು ಪೂರ್ತಿ ಸುಟ್ಟರೂ ಸಿಗುವುದು ಸುಮಾರು 1.25 ಲಕ್ಷ ಯೂನಿಟ್. ಆದ್ದರಿಂದ ಆ ಹರಿವು ಹಗಲು ರಾತ್ರಿ ನಿಲ್ಲದೆ ಬಂದದ್ದೆಂದು ತಿಳಿಯಬಾರದು. ಬೇಕಾದಾಗ ತೆಗೆದುಕೊಂಡ ಬಿಸಿನೀರೆಂದು ತಿಳಿದರೂ ಸಾಧನೆ ಸಣ್ಣದಾಗುವುದಿಲ್ಲ, ಏಕೆಂದರೆ ಕಡೆಗೆ ಉಳಿಯುತ್ತಿದ್ದುದು ಬೂದಿಯಲ್ಲ, ಟನ್ನುಗಟ್ಟಲೆ ಗೊಬ್ಬರ. ಅದನ್ನು ಹರಡಿದ ಒಣನೆಲದಲ್ಲಿ ನೀರು ಹಾಯಿಸದೆಯೇ ತರಕಾರಿ ಬೆಳೆದರೆಂಬುದು ಪ್ಯಾಂ ದಂಪತಿಯ ದಾಖಲೆ. ಪ್ಯಾಂ 1981ರಲ್ಲಿ ತೀರಿಕೊಂಡರು. ಬೆಲ್ಜಿಯಂನಲ್ಲಿ ಅವರ ಹೆಸರಿನ ಸಮಿತಿ ಈ ವಿಧಾನವನ್ನು ಮುಂದುವರಿಸಿತು, ಯೂರೋಪಿನ ಹಲವು ಸಣ್ಣ ತೋಟಗಳಲ್ಲಿ ಇಂಥ ಗುಪ್ಪೆಗಳನ್ನು ಈಗಲೂ ಹಾಕುತ್ತಾರೆ.

ಅನಿಲದ ವಿಷಯದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲಸ ಹೇಳಲೇಬೇಕಾದದ್ದು. ಗೋಬರ್ ಗ್ಯಾಸ್ ತೊಟ್ಟಿಗೆ ಸಗಣಿಯ ಬದಲು ಎಲೆ ಹಾಕಿದರೆ ಅದು ಮುಳುಗದೆ ತೇಲಿ, ಮೇಲೆ ದಪ್ಪನೆಯ ಪದರ ಕಟ್ಟಿಕೊಂಡು ಅನಿಲದ ದಾರಿಯನ್ನು ಅಡ್ಡಗಟ್ಟುತ್ತದೆ. 1974ರಲ್ಲಿ ಅಲ್ಲಿ ಆರಂಭವಾದ ಗ್ರಾಮೀಣ ತಂತ್ರಜ್ಞಾನದ ಕೇಂದ್ರ ‘ಅಸ್ತ್ರ’ದ ಸಂಶೋಧಕರು ಎಲೆ ಮತ್ತು ಕಳೆಗಿಡಗಳಿಗೆಂದೇ ಉದ್ದನೆಯ ತೊಟ್ಟಿ ರೂಪಿಸಿದರು. ಒಂದು ತುದಿಯಲ್ಲಿ ದಿನದಿನವೂ ತುರುಕಿದ ಹಸಿರು ಕಸ ಹಿಂದಿನ ದಿನದ್ದನ್ನು ತಳ್ಳುತ್ತ ಸಾಗಿ, ಅನಿಲ ಬಿಟ್ಟುಕೊಟ್ಟು ಇನ್ನೊಂದು ತುದಿಯಲ್ಲಿ ಹೊರಬರುತ್ತದೆ.

ಸೂಕ್ಷ್ಮಜೀವಿಗಳು ಒಡೆಯುವುದಷ್ಟೇ ಅಲ್ಲ, ಕಟ್ಟಬಲ್ಲವು ಕೂಡ. ಒದ್ದೆ ಸೌದೆಯ ಸಿಪ್ಪೆ ಸುಲಿದರೆ ಕಾಣುವ ಬಿಳಿಯ ಎಳೆಗಳು ಅಣಬೆಯ ನಿಜವಾದ ಮೈ. ಅಮೆರಿಕದ ಇಬೆನ್ ಬೇಯರ್ ಮತ್ತು ಗೇವಿನ್ ಮೆಕಿಂಟೈರ್ 2007ರಲ್ಲಿ ಸ್ಥಾಪಿಸಿದ ಇಕೊವೇಟಿವ್ ಕಂಪನಿ ಈ ಎಳೆಗಳನ್ನೇ ಅಂಟಾಗಿ ಬಳಸಿತು. ಕತ್ತರಿಸಿದ ದಂಟು ಮತ್ತು ಹೊಟ್ಟನ್ನು ಅಚ್ಚಿಗೆ ತುಂಬಿ ಅಣಬೆಯ ಬೀಜ ಬೆರೆಸಿದರೆ ಕೆಲವು ದಿನಗಳಲ್ಲಿ ಎಳೆಗಳು ಹಬ್ಬಿ ಎಲ್ಲವನ್ನೂ ಒಂದು ಗಟ್ಟಿ ತುಂಡಾಗಿ ಹೆಣೆಯುತ್ತವೆ. ಆಮೇಲೆ ಬಿಸಿಯಲ್ಲಿ ಒಣಗಿಸಿ ಬೆಳವಣಿಗೆ ನಿಲ್ಲಿಸುತ್ತಾರೆ. ಗಾಜಿನ ಸಾಮಾನಿನ ಪೆಟ್ಟಿಗೆಯಲ್ಲಿ ಥರ್ಮೊಕೋಲ್ ಮಾಡುವ ಕೆಲಸವನ್ನು ಅದು ಮಾಡುತ್ತದೆ, ಎಸೆದರೆ ಮಣ್ಣು ಸೇರುತ್ತದೆ.

ಉಳಿದದ್ದು ಬೆಂಕಿಯ ದಾರಿ. ಸಾಕಷ್ಟು ಗಾಳಿ ಕೊಡದೆ ಕಟ್ಟಿಗೆ ಸುಟ್ಟರೆ ಕಾರ್ಬನ್ ಮಾನಾಕ್ಸೈಡ್ ಮತ್ತು ಜಲಜನಕ ಬೆರೆತ, ಉರಿಯಬಲ್ಲ ಅನಿಲ ಹೊರಡುತ್ತದೆ. ಫ್ರಾನ್ಸಿನ ಜಾರ್ಜ್ ಇಂಬೆರ್ 1920ರ ದಶಕದಲ್ಲಿ ಇದಕ್ಕೊಂದು ಒಲೆ ರೂಪಿಸಿದರು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲ್ ಸಿಗದೆ ಹೋದಾಗ ಯೂರೋಪಿನ ಕಾರು, ಬಸ್ಸು, ಲಾರಿಗಳು ಬೆನ್ನಿಗೆ ಇಂಥ ಒಲೆ ಕಟ್ಟಿಕೊಂಡು ಕಟ್ಟಿಗೆ ತುಂಡಿನಲ್ಲಿ ಓಡಿದವು. ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ 1980ರ ದಶಕದ ಕೊನೆಯಲ್ಲಿ ‘ಅಸ್ತ್ರ’ ಇದೇ ತತ್ವದ ಯಂತ್ರ ನಡೆಸಿ ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿಗೆ ವಿದ್ಯುತ್ ಕೊಟ್ಟಿತು. ಅನಿಲ ವಿಷಕಾರಿಯಾದ್ದರಿಂದ ಇದು ಮನೆಯಂಗಳದಲ್ಲಿ ಮಾಡಿ ನೋಡುವ ಪ್ರಯೋಗವಲ್ಲ.

ಇದ್ದಿಲು ಹಾಗಲ್ಲ, ಯಾರ ತೋಟದಲ್ಲಾದರೂ ಮಾಡಬಹುದು. ಅಮೆಜಾನ್ ಕಾಡಿನ ಕೆಲವೆಡೆ ಹಿಂದಿನ ಜನ ಶತಮಾನಗಳ ಕಾಲ ಇದ್ದಿಲು, ಮೂಳೆ, ಅಡುಗೆಯ ಕಸ ಬೆರೆಸಿದ ಮಣ್ಣು ಇವತ್ತಿಗೂ ಕಪ್ಪಾಗಿ, ಸುತ್ತಲಿನ ನೆಲಕ್ಕಿಂತ ಫಲವತ್ತಾಗಿದೆ. ಕರಾವಳಿಯ ಬೇಸಾಯದಲ್ಲಿ ತರಗೆಲೆ, ಕಡ್ಡಿಗಳ ಮೇಲೆ ಮಣ್ಣು ಮುಚ್ಚಿ ನಿಧಾನವಾಗಿ ಉರಿಸಿ ತಯಾರಿಸುವ ಸುಡುಮಣ್ಣು ಇದಕ್ಕೆ ದೂರದ ನೆಂಟ. ಸ್ವಿಟ್ಜರ್ಲೆಂಡಿನ ಇಥಾಕಾ ಸಂಸ್ಥೆಯ ಹಾನ್ಸ್-ಪೀಟರ್ ಶ್ಮಿಟ್ 2014ರಲ್ಲಿ ರೂಪಿಸಿದ ‘ಕಾನ್-ಟಿಕಿ’ ಎಂಬ ಕುಲುಮೆ ಮೇಲೆ ಅಗಲ, ಕೆಳಗೆ ಕಿರಿದಾದ ತೆರೆದ ಪಾತ್ರೆ. ಅದರ ತಳದಲ್ಲಿ ಒಣ ಕಡ್ಡಿಗೆ ಬೆಂಕಿ ಹಚ್ಚಿ, ಮೇಲೆ ಬೂದಿ ಕಾಣಿಸಿಕೊಳ್ಳುವ ಹೊತ್ತಿಗೆ ಇನ್ನೊಂದು ತೆಳುವಾದ ಪದರ ಹಾಕುತ್ತ ಹೋಗಬೇಕು. ಮೇಲಿನ ಜ್ವಾಲೆ ಬರುವ ಆಮ್ಲಜನಕವನ್ನೆಲ್ಲ ತಾನೇ ಬಳಸಿಕೊಳ್ಳುವುದರಿಂದ ಕೆಳಗಿನದು ಬೂದಿಯಾಗದೆ ಇದ್ದಿಲಾಗಿ ನಿಲ್ಲುತ್ತದೆ. ಹೊಗೆಯೂ ಆ ಜ್ವಾಲೆಯಲ್ಲೇ ಉರಿದುಹೋಗುತ್ತದೆ. ಯಂತ್ರವಿಲ್ಲದವರು ನೆಲದಲ್ಲಿ ಅದೇ ಆಕಾರದ ಗುಂಡಿ ತೋಡಿಕೊಂಡರೆ ಸಾಕು. ಗುಂಡಿ ತುಂಬಿದ ಮೇಲೆ ಧಾರಾಳವಾಗಿ ನೀರು ಸುರಿದು ಪೂರ್ತಿ ಆರಿಸಬೇಕು, ಇಲ್ಲದಿದ್ದರೆ ರಾತ್ರಿಯೊಳಗೆ ಎಲ್ಲ ಬೂದಿಯಾಗುತ್ತದೆ. ಹೊಸ ಇದ್ದಿಲನ್ನು ನೇರವಾಗಿ ಮಣ್ಣಿಗೆ ಹಾಕಿದರೆ ಅದು ಗಿಡಕ್ಕೆ ಸಲ್ಲಬೇಕಾದ ಸಾರಜನಕವನ್ನು ಮೊದಲು ತಾನು ಹೀರಿಕೊಳ್ಳುತ್ತದೆ. ಕೆಲವು ವಾರ ಗಂಜಲದಲ್ಲಿ ನೆನೆಸಿ ಅಥವಾ ಗೊಬ್ಬರದ ಗುಂಡಿಯಲ್ಲಿ ಬೆರೆಸಿಟ್ಟು, ಆಮೇಲೆ ಗಿಡದ ಬುಡಕ್ಕೆ ಕೊಡುವುದು ಸರಿಯಾದ ಕ್ರಮ.